ಕಾಫಿ ಸಿಪ್ಪೆಯ ಉತ್ಕರ್ಷಣ ನಿರೋಧಕಗಳು ಮತ್ತು ಹಸಿರು ದ್ರಾವಕಗಳು

ಕಾಫಿ ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿದಾಗ ಬೀಜದಿಂದ ಬೇರ್ಪಡುವ ಸಿಪ್ಪೆ ಮತ್ತು ತಿರುಳು, ಹಸಿ ಹಣ್ಣಿನ ತೂಕದ ಸುಮಾರು ಶೇ. 40ರಷ್ಟಿರುತ್ತದೆ. ದೇಶದ ಕಾಫಿಯಲ್ಲಿ ಶೇ. 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ, ಅಂದರೆ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ, ಇದು ಹೆಚ್ಚಾಗಿ ಗೊಬ್ಬರದ ಗುಂಡಿ ಸೇರುತ್ತದೆ. ಹಳ್ಳಕ್ಕೆ ಹರಿದರೆ ಕೊಳೆಯುತ್ತಾ ನೀರಿನ ಆಮ್ಲಜನಕವನ್ನೇ ತಿಂದುಹಾಕುತ್ತದೆ. ಇದೇ ಸಿಪ್ಪೆಯಲ್ಲಿ ಕ್ಲೋರೊಜೆನಿಕ್ ಆಮ್ಲವಿದೆ: ಕೆಫೀಕ್ ಮತ್ತು ಕ್ವಿನಿಕ್ ಆಮ್ಲಗಳು ಕೂಡಿ ಆದ, ಎಣ್ಣೆ ಕಮಟಾಗುವುದನ್ನು ತಡೆಯಬಲ್ಲ ಉತ್ಕರ್ಷಣ ನಿರೋಧಕ.

ಕ್ಲೋರೊಜೆನಿಕ್ ಆಮ್ಲದಂಥ ಸಸ್ಯದ ಫೀನಾಲುಗಳನ್ನು ಪ್ರಯೋಗಾಲಯಗಳು ಬಹುಕಾಲ ಮೆಥನಾಲಿನಿಂದ, ಕೊಬ್ಬನ್ನು ಹೆಕ್ಸೇನಿನಿಂದ ತೆಗೆದವು. ಮೆಥನಾಲ್ ಕಣ್ಣಿನ ನರಕ್ಕೆ, ಹೆಕ್ಸೇನ್ ಕೈಕಾಲುಗಳ ನರಗಳಿಗೆ ಹಾನಿ ಮಾಡುತ್ತವೆ. ತಿನ್ನುವ ಪದಾರ್ಥದಲ್ಲಿ ಅವುಗಳ ಲವಲೇಶ ಉಳಿದರೂ ಚಿಂತೆಯೇ. ಪಾಲ್ ಅನಸ್ತಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಮಂಡಿಸಿದ ಹಸಿರು ರಸಾಯನಶಾಸ್ತ್ರದ 12 ತತ್ತ್ವಗಳಲ್ಲಿ ನಿರಪಾಯಕಾರಿ ದ್ರಾವಕದ ಬಳಕೆಯೂ ಒಂದು.

ಕಾಫಿ ಸಿಪ್ಪೆಗೆ ಚೆನ್ನಾಗಿ ಒಗ್ಗುವುದು ನೀರು ಬೆರೆಸಿದ ಎಥನಾಲ್. ನೀರು ಜೀವಕೋಶದ ಗೋಡೆಯನ್ನು ಉಬ್ಬಿಸುತ್ತದೆ, ಎಥನಾಲ್ ಒಳಗಿನ ಫೀನಾಲನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದ ಎರಡರ ಮಿಶ್ರಣ ಸಾಮಾನ್ಯವಾಗಿ ಶುದ್ಧ ಎಥನಾಲಿಗಿಂತ ಹೆಚ್ಚು ಸಾರ ಕೊಡುತ್ತದೆ. ಅಲ್ಟ್ರಾಸೌಂಡ್ ಹಾಯಿಸಿದರೆ ದ್ರವದಲ್ಲಿ ಹುಟ್ಟುವ ಸೂಕ್ಷ್ಮ ಗುಳ್ಳೆಗಳು ಒಡೆಯುವ ಹೊಡೆತಕ್ಕೆ ಗೋಡೆ ಹರಿದು, ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಹೆಚ್ಚು ಕಾಯಿಸಿದರೆ ಮಾತ್ರ ಕ್ಲೋರೊಜೆನಿಕ್ ಆಮ್ಲವೇ ಒಡೆಯುತ್ತದೆ.

ಇನ್ನೊಂದು ಹಸಿರು ದ್ರಾವಕ ಇಂಗಾಲದ ಡೈಆಕ್ಸೈಡ್: 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್ ಒತ್ತಡದ ಮೇಲೆ ಅದು ಅನಿಲ, ದ್ರವ ಎರಡರ ಗುಣವೂ ಉಳ್ಳ ಅತಿಕ್ರಾಂತಿಕ ದ್ರವವಾಗುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಅದು ಹೆಸರುವಾಸಿ. ಆದರೆ ಧ್ರುವೀಯವಾದ ಕ್ಲೋರೊಜೆನಿಕ್ ಆಮ್ಲಕ್ಕೆ ಎಥನಾಲಿನ ಜೊತೆಯಿಲ್ಲದೆ ಹೆಚ್ಚು ಉಪಯೋಗವಿಲ್ಲ.

ಮೂರನೆಯ ದಾರಿಯೂ ಇದೆ. ಕೋಲೀನ್ ಕ್ಲೋರೈಡಿಗೆ ಯೂರಿಯಾ ಬೆರೆಸಿದರೆ ಎರಡು ಘನಗಳು ಸೇರಿ 12 ಡಿಗ್ರಿಯಲ್ಲೇ ಕರಗುವ ದ್ರವವಾಗುತ್ತವೆ ಎಂದು ಆಂಡ್ರ್ಯೂ ಅಬಾಟ್ ತಂಡ 2003ರಲ್ಲಿ ತೋರಿಸಿತು. ಯೂರಿಯಾದ ಬದಲು ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್ ಬಳಸಿದ ಇಂಥ ಯೂಟೆಕ್ಟಿಕ್ ದ್ರಾವಕಗಳು ಫೀನಾಲುಗಳನ್ನು ಸೊಗಸಾಗಿ ಸೆಳೆಯುತ್ತವೆ. ತೊಡಕು ಬರುವುದು ಆಮೇಲೆ: ಇವು ಹೆಚ್ಚುಕಡಿಮೆ ಆವಿಯಾಗುವುದೇ ಇಲ್ಲ. ಸಾರವನ್ನು ರೆಸಿನ್ ಸ್ತಂಭದಲ್ಲಿ ಹಿಡಿದು, ಮತ್ತೆ ಎಥನಾಲಿನಿಂದ ತೊಳೆಯಬೇಕು. ಎಥನಾಲನ್ನಾದರೋ ಬಟ್ಟಿ ಇಳಿಸಿ ಮರುಬಳಸಬಹುದು. ದ್ರಾವಕವನ್ನು ಮರಳಿ ಪಡೆಯುವ ಖರ್ಚನ್ನು ಲೆಕ್ಕಕ್ಕೆ ಹಿಡಿಯದೆ ಅದನ್ನು ಹಸಿರೆಂದು ಕರೆಯುವುದು ಸರಿಯಲ್ಲ.

ದ್ರಾವಕದಷ್ಟೇ ಮುಖ್ಯವಾದದ್ದು ಸಿಪ್ಪೆಯ ತಾಜಾತನ. ರಾಶಿ ಹಾಕಿದ ಹಸಿ ಸಿಪ್ಪೆ ಬೇಗನೆ ಕಂದಾಗುತ್ತದೆ. ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಫೀನಾಲುಗಳನ್ನು ಉತ್ಕರ್ಷಿಸುವುದೇ ಇದಕ್ಕೆ ಕಾರಣ. ಪಲ್ಪಿಂಗ್ ಆದ ಕೂಡಲೇ ಹಬೆ ಹಾಯಿಸಿದರೆ ಕಿಣ್ವ ನಿಷ್ಕ್ರಿಯವಾಗುತ್ತದೆ, ನಂತರ ಒಣಗಿಸಬಹುದು.

ಸಾರದ ಉತ್ಕರ್ಷಣ ನಿರೋಧಕ ಬಲ ನೋಡಲು ಡಿಪಿಪಿಎಚ್ ಪರೀಕ್ಷೆ ಬಳಕೆಯಲ್ಲಿದೆ: ನೇರಳೆ ದ್ರಾವಣ ಹಳದಿಗೆ ತಿರುಗಿದಷ್ಟೂ ಬಲ ಹೆಚ್ಚು. ಇದು ಗಾಜಿನ ನಳಿಗೆಯೊಳಗಿನ ಅಳತೆಯಷ್ಟೇ, ದೇಹದಲ್ಲಿ ಆಗುವ ಪರಿಣಾಮಕ್ಕೆ ಪುರಾವೆಯಲ್ಲ. ಸಾರ ತೆಗೆದ ಮೇಲೆ ಉಳಿದ ಚರಟದಲ್ಲಿ ಕೆಫೀನ್, ಟ್ಯಾನಿನ್ ಕಡಿಮೆಯಾಗಿರುತ್ತವೆ. ಹಸಿ ಸಿಪ್ಪೆಯನ್ನು ದನಗಳಿಗೆ ಹೆಚ್ಚು ಹಾಕದಂತೆ ತಡೆಯುತ್ತಿದ್ದವು ಇವೇ.