ಮಿರಜದಲ್ಲಿ ಗಾಡಿ ಬದಲಿಸಿ!



‘ಲೇಔಟ್’ ಅಂದ ಕೂಡಲೇ ಬೆಂಗಳೂರಿನ ನಮ್ಮ ನೆಂಟರಿಷ್ಟರಿಗೆ ಮೂವತ್ತು–ನಲವತ್ತರ ಸೈಟು ನೆನಪಾಗುತ್ತದೆ. ಪುಣೆಯ ಕೊಥ್ರೂಡಿನಲ್ಲಿ ಬೇರೆಯೇ ಬಗೆಯ ಲೇಔಟ್ ಒಂದಿದೆ. ಅಲ್ಲಿ ಸೈಟು ಸಿಗುವುದಿಲ್ಲ, ಆದರೆ ಒಂದು ಕೋಣೆಯೊಳಗೆ ಇಡೀ ಊರೇ ಸಿಗುತ್ತದೆ! ಬೆಟ್ಟ, ಸೇತುವೆ, ಸ್ಟೇಷನ್ನು, ಸಿಗ್ನಲ್ ಕಂಬ, ಇವೆಲ್ಲದರ ನಡುವೆ ಅಂಗೈಯಗಲದ ಬೋಗಿಗಳನ್ನು ಎಳೆದುಕೊಂಡು ಓಡುವ ರೈಲುಗಳು.

ಇದು ಜೋಶಿಯವರ ಕಿರು ರೈಲುಗಳ ಸಂಗ್ರಹಾಲಯ. ಬಿ. ಎಸ್. ಜೋಶಿ, ಅಂದರೆ ಎಲ್ಲರ ಬಾಯಲ್ಲಿ ಭಾವೂ ಜೋಶಿ, ಹವ್ಯಾಸವಾಗಿ ಬೆಳೆಸಿದ್ದು. 1980ರ ದಶಕದಲ್ಲೇ ಅವರು ತಮ್ಮ ಪುಟ್ಟ ಗಾಡಿಗಳನ್ನು ಪ್ರದರ್ಶನಗಳಲ್ಲಿ ಜನರ ಮುಂದಿಟ್ಟಿದ್ದರು. 1998ರ ಏಪ್ರಿಲ್‌ನಲ್ಲಿ ಅದಕ್ಕೊಂದು ಕಾಯಂ ಮನೆಯಾಯಿತು. ಉಗಿ ಎಂಜಿನ್‌ನಿಂದ ಹಿಡಿದು ಜರ್ಮನಿಯ ಅತಿವೇಗದ ಗಾಡಿಯವರೆಗೆ ಅಲ್ಲಿ ಹಲವು ರೈಲುಗಳಿವೆ. ಆ ದೇಶದ ವುಪ್ಪರ್ಟಾಲ್ ಪಟ್ಟಣದಲ್ಲಿ 1901ರಿಂದ ಓಡುತ್ತಿರುವ ತೂಗಾಡುವ ರೈಲಿನ ಮಾದರಿಯೂ ಇದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಅವರನ್ನು ಕರೆತಂದ ಅಜ್ಜಂದಿರು ಅವರಿಗಿಂತ ಹೆಚ್ಚು ಹೊತ್ತು ನೋಡುತ್ತಾರೆ.

‘ಇದೆಲ್ಲ ಆಟಿಕೆ ತಾನೇ?’ ಅನ್ನುತ್ತೀರಾ? ಶುರುವಾದದ್ದು ಆಟಿಕೆಯಾಗಿಯೇ. 1891ರಲ್ಲಿ ಜರ್ಮನಿಯ ಮಾರ್ಕ್ಲಿನ್ ಕಂಪನಿ ಲೈಪ್‌ಜಿಗ್ ಜಾತ್ರೆಗೆ ಕೀಲಿ ಕೊಟ್ಟು ಓಡಿಸುವ ರೈಲನ್ನು, ಅದರ ಹಳಿಯ ಸಮೇತ ತಂದಿತು. ಹಳಿಯ ಅಗಲಕ್ಕೆ ಒಂದು ಅಳತೆ ಗೊತ್ತುಮಾಡಿದ್ದು ಅದರ ಜಾಣತನ. ಈ ವರ್ಷ ಎಂಜಿನ್, ಮುಂದಿನ ವರ್ಷ ಬೋಗಿ ಎಂದು ಕೂಡಿಸುತ್ತಾ ಹೋಗಬಹುದಾಯಿತು. 1920ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಹಾರ್ನ್‌ಬಿ ಈ ಕ್ಷೇತ್ರಕ್ಕೆ ಬಂದರು. 1935ರಲ್ಲಿ ಟ್ರಿಕ್ಸ್ ಮತ್ತು ಮಾರ್ಕ್ಲಿನ್ ಕಂಪನಿಗಳು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ವಿದ್ಯುತ್ ರೈಲು ತಂದವು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ‘ಎಚ್‌ಓ’ ಅಳತೆ ಆ ಚಿಕ್ಕ ರೈಲಿನಿಂದ ಬೆಳೆದದ್ದು. ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಅಷ್ಟೇ.

ಈ 87 ಎಂಬ ಸಂಖ್ಯೆಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಲೆಕ್ಕ ಹಾಕೋಣ. ನಾವು ಪ್ರಯಾಣಿಸಿ ರೂಢಿಯಿರುವ ಹಳೆಯ ನೀಲಿ ಬೋಗಿಯ ಉದ್ದ ಸುಮಾರು 21.3 ಮೀಟರ್. ಮಾದರಿಯಲ್ಲಿ ಅದು ಒಂದು ಗೇಣಿಗಿಂತ ತುಸು ಹೆಚ್ಚು, 24.5 ಸೆಂ.ಮೀ. ಪುಣೆಯಿಂದ ಮಿರಜಕ್ಕೆ ಹಳಿಯ ದಾರಿ ಸುಮಾರು 280 ಕಿ.ಮೀ. ಅದನ್ನು 87ರಿಂದ ಭಾಗಿಸಿದರೂ ಮೂರು ಕಿಲೋಮೀಟರ್ ದಾಟುತ್ತದೆ! ಯಾರ ಮನೆಯಲ್ಲಿ ಅಷ್ಟು ಜಾಗ ಇದೆ ಹೇಳಿ? ಹಾಗಾಗಿ ಮಾದರಿ ಕಟ್ಟುವವನು ಆರಿಸಲೇಬೇಕು. ಒಂದು ಸ್ಟೇಷನ್ ಉಳಿಸಿಕೊಂಡು ಹತ್ತನ್ನು ಕೈಬಿಡಬೇಕು. ಇತಿಹಾಸ ಬರೆಯುವವರ ಪಾಡೂ ಇದೇ. ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದರಲ್ಲೇ ಎಲ್ಲವೂ ಇದೆ.

ಪುಣೆಯ ಕನ್ನಡಿಗರಾದ ನಾವು ಒಂದೇ ಒಂದು ಸ್ಟೇಷನ್ ಇಟ್ಟುಕೊಳ್ಳಬಹುದಾದರೆ ಯಾವುದನ್ನು ಇಟ್ಟುಕೊಳ್ಳೋಣ? ನನ್ನನ್ನು ಕೇಳಿದರೆ, ಮಿರಜ.

ಯಾಕೆ ಅಂತ ಹೇಳುತ್ತೇನೆ. ಮುಂಬಯಿಯಿಂದ ಪುಣೆಯ ಕಡೆ ಬಂದ ಹಳಿ ಬ್ರಾಡ್‌ಗೇಜ್, 1676 ಮಿ.ಮೀ. ಅಗಲದ್ದು. ಖಂಡಾಳಾ–ಪುಣೆ ನಡುವೆ 1858ರಲ್ಲೇ ಗಾಡಿ ಓಡಿತು. ಭೋರ್ ಘಾಟಿನ ಏರು ಮುಗಿದು ಮುಂಬಯಿಗೆ ಪೂರ್ತಿ ಹಳಿ ಕೂಡಿದ್ದು 1863ರಲ್ಲಿ. ಆದರೆ ನಮ್ಮ ಕಡೆಗೆ ಬಂದದ್ದು ಬೇರೆ ಹಳಿ. ಖರ್ಚು ಉಳಿಸಲೆಂದು 1870ರ ಸುಮಾರಿಗೆ ವೈಸರಾಯ್ ಲಾರ್ಡ್ ಮೇಯೋ ಕಾಲದಲ್ಲಿ ಮೀಟರ್‌ಗೇಜ್ ಗೊತ್ತಾಯಿತು. ಆಮೇಲೆ ಬಂತು ಧಾತು–ಈಶ್ವರ ಸಂವತ್ಸರಗಳ ಭೀಕರ ಬರ, 1876ರಿಂದ 78. ವಿಜಾಪುರ, ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಕಾಳಿಲ್ಲದೆ ಜನ ಸತ್ತರು. ಕಾಳು ಸಾಗಿಸಲು ರೈಲು ಬೇಕೆಂಬ ಮಾತು ಎದ್ದು, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ಗದಗಕ್ಕೆ ಅದರ ಮೊದಲ ಹಳಿ ಬಂತು, ಮೀಟರ್‌ಗೇಜಿನಲ್ಲಿ. ಪುಣೆ, ಮಿರಜ, ಬೆಳಗಾವಿ, ಲೋಂಡಾ ದಾರಿಯೂ ಅದೇ ಗೇಜಿನದು. ಹುಬ್ಬಳ್ಳಿ, ಬೆಂಗಳೂರುಗಳವರೆಗೂ ಅದೇ ಹಳಿ.

ನಮ್ಮವರು ಕೆಲಸ, ಓದು, ಸಂಗೀತ ಅಂತ ಪುಣೆಗೆ ಬಂದ ದಾರಿ ಇದು. ಗದಗದ ಹುಡುಗ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದಾಗ ಹತ್ತಿದ್ದೂ ರೈಲನ್ನೇ. ಮುಂದೆ ಅವರು ಪುಣೆಯವರೇ ಆದರು, ನಮ್ಮ ರೇಡಿಯೋದ ಬೆಳಗುಗಳ ದನಿಯೂ ಆದರು.

1971ರಲ್ಲಿ ಪುಣೆ–ಮಿರಜ–ಕೊಲ್ಹಾಪುರ ದಾರಿ ಬ್ರಾಡ್‌ಗೇಜ್ ಆಯಿತು. ಮಿರಜದಿಂದ ದಕ್ಷಿಣಕ್ಕೆ ಮಾತ್ರ ಮೀಟರ್‌ಗೇಜೇ ಉಳಿಯಿತು. ಇದರ ಜೊತೆಗೆ 1927ರಲ್ಲೇ ಪಂಢರಪುರದ ಕಡೆಯಿಂದ ಮಿರಜಕ್ಕೆ ಬಂದು ಸೇರಿದ್ದ ಬಾರ್ಸಿ ಲೈಟ್ ರೈಲ್ವೆಯ ನ್ಯಾರೋಗೇಜ್ ಬೇರೆ! ಒಂದೇ ಊರಲ್ಲಿ ಮೂರು ಅಗಲದ ಹಳಿ. ಯಾವ ಗೇಜಿನ ಬೋಗಿಯೂ ಇನ್ನೊಂದರ ಮೇಲೆ ಓಡದು. ಆದ್ದರಿಂದ ಊರಿಗೆ ಹೋಗುವವರು ಮಿರಜದಲ್ಲಿ ಇಳಿದು, ಟ್ರಂಕು, ಹಾಸಿಗೆಸುರುಳಿ, ಮಕ್ಕಳು ಎಲ್ಲವನ್ನೂ ಎಣಿಸಿಕೊಂಡು ಇನ್ನೊಂದು ಗಾಡಿ ಹತ್ತಬೇಕಿತ್ತು. 1990ರ ದಶಕದಲ್ಲಿ ಬೆಂಗಳೂರಿನವರೆಗೂ ಬ್ರಾಡ್‌ಗೇಜ್ ಆಗಿ ಆ ತಾಪತ್ರಯ ತಪ್ಪಿತು. ಒಳ್ಳೆಯದೇ ಆಯಿತು, ಅದಕ್ಕಾಗಿ ಅಳುವವರು ಯಾರೂ ಇಲ್ಲ. ಮುಂದೆ ನ್ಯಾರೋಗೇಜ್ ಹಳಿಯೂ ಎದ್ದುಹೋಯಿತು.

ಆದರೆ ಹಳಿಯ ಜೊತೆ ಒಂದು ಕೆಲಸದ ಕ್ರಮವೇ ಹೋಯಿತು. ಒಂಟಿ ಹಳಿಯ ಮೇಲೆ ಎರಡು ಸ್ಟೇಷನ್ನುಗಳ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕಾಗಿ ಡ್ರೈವರ್ ಕೈಯಲ್ಲಿ ಟೋಕನ್ ಇರಲೇಬೇಕು. ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಆ ಟೋಕನ್. ಸ್ಟೇಷನ್ನಿನವರು ಬಳೆ ಎತ್ತಿ ಹಿಡಿದರೆ, ಓಡುವ ಎಂಜಿನ್ನಿನಿಂದ ಕೈ ಚಾಚಿ ಎಳೆದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಇದನ್ನು ನಾಲ್ಕು ಸಲ ಓದಿದರೂ ಮಗುವಿಗೆ ಅರ್ಥವಾಗುವುದು ಕಷ್ಟ. ಮಾದರಿ ರೈಲಿನ ಮುಂದೆ ನಿಲ್ಲಿಸಿ ನೋಡಿ! ಲೇಔಟಿನ ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿ, ಮುಂದಿನ ಗಾಡಿ ದಾಟುವ ತನಕ ಹಿಂದಿನ ತುಂಡಿಗೆ ಕರೆಂಟು ಕೊಡದೆ ಇರಬಹುದು. ಹಿಂದಿನ ಗಾಡಿ ತಾನಾಗಿ ನಿಲ್ಲುತ್ತದೆ. ಅರ್ಧ ನಿಮಿಷದಲ್ಲಿ ಮಗುವಿಗೆ ಟೋಕನ್ನಿನ ಗುಟ್ಟು ತಿಳಿಯುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಅದನ್ನು 87ರಿಂದ ಗುಣಿಸಿದರೆ 1435, ಯುರೋಪಿನ ಸ್ಟ್ಯಾಂಡರ್ಡ್ ಗೇಜ್. 2022ರ ಮಾರ್ಚಿನಲ್ಲಿ ಕೊಥ್ರೂಡಿನ ವನಾಜ್‌ನಿಂದ ಓಡಲು ಶುರುವಾದ ನಮ್ಮ ಮೆಟ್ರೊ ಹಳಿಯೂ ಇಷ್ಟೇ ಅಗಲ! ಆದರೆ ಆ ಹಳಿಯ ಮೇಲೆ ನಮ್ಮ ಹಳೆಯ ಮಿರಜ ಹಿಡಿಸುವುದಿಲ್ಲ. ಅದನ್ನು ಅಳತೆಗೆ ಸರಿಯಾಗಿ ಕಟ್ಟಬೇಕಾದರೆ ಬ್ರಾಡ್‌ಗೇಜಿಗೆ 19.3, ಮೀಟರ್‌ಗೇಜಿಗೆ 11.5, ನ್ಯಾರೋಗೇಜಿಗೆ 8.8 ಮಿ.ಮೀ., ಹೀಗೆ ಮೂರು ಹಳಿ ಬೇಕು. ಪೆಟ್ಟಿಗೆಯಲ್ಲಿ ಕೊಂಡು ತಂದ ಹಳಿ ಸಾಲದು, ಕೈಯಿಂದ ಮಾಡಬೇಕು.

ಮೈಸೂರಿನಲ್ಲಿ 1979ರಿಂದ, ಹುಬ್ಬಳ್ಳಿಯಲ್ಲಿ 2020ರಿಂದ ರೈಲ್ವೆ ಸಂಗ್ರಹಾಲಯಗಳಿವೆ. ಹಳೆಯ ಎಂಜಿನ್ನು, ಬೋಗಿಗಳನ್ನು ಅಲ್ಲಿ ಮುಟ್ಟಿ ನೋಡಬಹುದು. ಆದರೆ ನಿಂತ ಎಂಜಿನ್ ಒಂದು ಸ್ಟೇಷನ್ನಿನ ಬದುಕನ್ನು ಹೇಳಲಾರದು. ಯಾವ ಗಾಡಿ ಬಂದ ಮೇಲೆ ಯಾವುದು ಹೊರಡುತ್ತಿತ್ತು, ಜನ ಎಲ್ಲಿ ಇಳಿದು ಎಲ್ಲಿಗೆ ಓಡುತ್ತಿದ್ದರು, ಇದನ್ನು ತೋರಿಸುವುದು ಓಡುವ ಮಾದರಿ. ಅಂಥದ್ದನ್ನು ಕಟ್ಟಲು ಬೇಕಾದ ನಕ್ಷೆ ಕಚೇರಿಗಳ ಕಪಾಟಿನಲ್ಲಿ ಸಿಕ್ಕೀತು. ಮಿಕ್ಕ ವಿವರ ಇರುವುದು ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿ. ಮಿರಜದಲ್ಲಿ ಮಗುವನ್ನೆತ್ತಿಕೊಂಡು ಗಾಡಿ ಬದಲಿಸಿದ ತಾಯಂದಿರಿಗೆ ಈಗ ಎಪ್ಪತ್ತು, ಎಂಬತ್ತು. ಕಪಾಟು ಕಾದೀತು, ಅವರ ನೆನಪು ಎಷ್ಟು ದಿನ ಕಾದೀತು?

ಹಾಗಾಗಿ ಒಂದು ಕೆಲಸ ಮಾಡಿ. ಈ ರಜೆಯಲ್ಲಿ ಮಕ್ಕಳ ಜೊತೆ ಅಜ್ಜಿ, ತಾತಂದಿರನ್ನೂ ಕೊಥ್ರೂಡಿಗೆ ಕರೆದುಕೊಂಡು ಹೋಗಿ. ಪುಟ್ಟ ರೈಲುಗಳು ಓಡುತ್ತಿರುವಾಗ ಮೆಲ್ಲಗೆ ಕೇಳಿ: ‘ಮಿರಜದಲ್ಲಿ ಆ ಗಾಡಿ ಯಾವ ಕಡೆ ನಿಲ್ಲುತ್ತಿತ್ತು? ಎಷ್ಟು ಹೊತ್ತು ಕಾಯಬೇಕಿತ್ತು? ಚಹಾ ಎಲ್ಲಿ ಸಿಗುತ್ತಿತ್ತು?’ ಅವರು ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಆಗದಿದ್ದರೆ ಮೊಬೈಲಿನಲ್ಲಿ ಅವರ ದನಿಯನ್ನೇ ಹಿಡಿದಿಡಿ. ನಾಳೆ ನಮ್ಮವರಲ್ಲಿ ಯಾರಾದರೂ ಹವ್ಯಾಸಿ ಆ ಮೂರು ಹಳಿಗಳ ಮಿರಜವನ್ನು ಮೇಜಿನ ಮೇಲೆ ಕಟ್ಟಲು ಕೂತರೆ, ಪ್ಲಾಟ್‌ಫಾರಂ ಯಾವ ಕಡೆ ಇಡಬೇಕೆಂದು ಅವರಿಗೆ ಗೊತ್ತಾಗಲಿ.