ನೃಪತುಂಗನ ಕಾಲದ ಸಂಖ್ಯಾಕಂಠಾಭರಣ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಹೆಸರನ್ನೆತ್ತಿದೊಡನೆ ಕನ್ನಡಿಗರಿಗೆ ನೆನಪಾಗುವುದು ‘ಕವಿರಾಜಮಾರ್ಗ’ವೇ ಹೊರತು, ಅದೇ ಅರಸನ ಸ್ತುತಿಯನ್ನು ಆದಿಯಲ್ಲಿರಿಸಿ ಸುಮಾರು ಕ್ರಿ.ಶ. 850ರಲ್ಲಿ ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವಲ್ಲ. ಗಣಿತವನ್ನು ಜ್ಯೋತಿಷದ ಗ್ರಂಥಗಳಲ್ಲಿ ಒಂದೆರಡು ಅಧ್ಯಾಯಗಳಿಗೆ ಸೀಮಿತಗೊಳಿಸುತ್ತಿದ್ದ ಕಾಲದಲ್ಲಿ ಈತನು ಅದಕ್ಕೇ ಒಂದು ಸ್ವತಂತ್ರ ಗ್ರಂಥವನ್ನು ಮೀಸಲಿಟ್ಟು, ಪಾಕಶಾಸ್ತ್ರ, ವೈದ್ಯ, ನಾಟಕ, ವಾಸ್ತು, ಛಂದಸ್ಸುಗಳೆಲ್ಲಕ್ಕೂ ಗಣಿತವೇ ಆಧಾರವೆಂದು ಸಾರಿದನು; ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರುಗಳನ್ನೂ ಕೊಟ್ಟನು.

ಆತನು ವರ್ಣಿಸಿದ ಸಂಖ್ಯೆಗಳಲ್ಲೊಂದು, ಒಂದರಿಂದ ಆರರವರೆಗೆ ಏರಿ ಅನಂತರ ಕ್ರಮವಾಗಿ ಇಳಿಯುವ 12345654321. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮೀರಿದ ಈ ಸಂಖ್ಯೆಯ ಮೊದಲ ಅಂಕವು ಆಚಾರ್ಯನ ಪಟ್ಟಿಯಂತೆ ಹನ್ನೊಂದನೆಯದಾದ ಅರ್ಬುದಸ್ಥಾನದಲ್ಲಿ ನಿಲ್ಲುತ್ತದೆ. ಚಿತ್ರಕಾವ್ಯದ ಗತಪ್ರತ್ಯಾಗತದಂತೆ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವುದು ಇದರ ಹೊರಗಣ ಚೆಲುವು ಮಾತ್ರ. ಒಳಗೆ ನೋಡಿದರೆ ಇದು 111111ರ ವರ್ಗ. ಆ ಆರು ಒಂದುಗಳಾದರೋ 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧವಾದುದರಿಂದ, ಪ್ರತಿಯೊಂದು ಅವಿಭಾಜ್ಯವೂ ಎರಡೆರಡು ಸಲ ಸೇರಿದ ಈ ಪೂರ್ಣವರ್ಗಕ್ಕೆ 243 ಭಾಜಕಗಳುಂಟು.

27994681 ಎಂಬ, ನೋಟಕ್ಕೆ ಯಾವ ಸೊಗಸೂ ಇಲ್ಲದ ಸಂಖ್ಯೆಯನ್ನು 441ರಿಂದ ಗುಣಿಸಿದರೆ ಇದೇ ಸಂಖ್ಯೆ ಮೈದೋರುತ್ತದೆ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. ಎಂದರೆ ದೊಡ್ಡ ವರ್ಗವೊಂದನ್ನು ಎರಡು ಚಿಕ್ಕ ವರ್ಗಗಳಾಗಿ ಒಡೆದಿರುವುದು. ಇದು ಕಾಕತಾಳೀಯವೆಂದು ಹೇಳುವವರ ಮಾತನ್ನು ನಾನಂತೂ ಒಪ್ಪಲಾರೆ. ಏಕೆಂದರೆ ಆಚಾರ್ಯನ ಗುಣಾಕಾರದ ಪ್ರಕರಣದಲ್ಲಿ, ಕೊರಳ ಹಾರದಂತೆ ಎರಡೂ ಕಡೆಯಿಂದ ಒಂದೇ ಆಗಿ ತೋರುವ ಇಂತಹ ಕಂಠಾಭರಣಗಳು ಒಂದಲ್ಲ, ಹಲವು: 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು, 142857143ನ್ನು 7ರಿಂದ ಗುಣಿಸಿದರೆ 1000000001, 11011011ನ್ನು 91ರಿಂದ ಗುಣಿಸಿದರೆ ರಾಜಕುಮಾರನ ಕೊರಳಿಗೆ ಒಪ್ಪುವುದೆಂದು ಆತನೇ ಮೆಚ್ಚಿದ 1002002001. ಮೊದಲು ಹಾರವನ್ನು ಕಲ್ಪಿಸಿ, ಅನಂತರ ಅದರ ಅಪವರ್ತನಗಳನ್ನು ಅರಸಿದವನಿಗಲ್ಲದೆ ಇವು ದೊರೆಯುವಂತಹವಲ್ಲ.

ಒಂದುಗಳ ವರ್ಗದಲ್ಲಿ ಕಂಡ ಏರಿಳಿತಕ್ಕೂ ಒಂದು ಮೇರೆಯುಂಟು. ಒಂಬತ್ತು ಒಂದುಗಳ ವರ್ಗ 12345678987654321. ಹತ್ತನೆಯ ಒಂದು ಸೇರಿದೊಡನೆ ನಡುವಣ ಮೊತ್ತ ಹತ್ತಾಗಿ, ದಶಕವು ಪಕ್ಕದ ಸ್ಥಾನಕ್ಕೆ ಹೋಗಿ ಹಾರವು ಕಡಿದುಬೀಳುತ್ತದೆ. ಸ್ಥಾನಪದ್ಧತಿಯ ಶಕ್ತಿಯನ್ನೂ ಮಿತಿಯನ್ನೂ ಬಾಲಕರಿಗೆ ಇಷ್ಟು ಸುಲಭವಾಗಿ ಮನಗಾಣಿಸುವ ಉದಾಹರಣೆ ಬೇರೊಂದಿಲ್ಲ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು, 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು. ನಮ್ಮ ಪಾಠಶಾಲೆಗಳ ಅಂಕಗಣಿತವನ್ನು ಬರೆಯುವ ಮಹನೀಯರು ಗುಣಾಕಾರದ ಪಾಠದಲ್ಲಿ ಈ ಕಂಠಾಭರಣಗಳಿಗೆ ಒಂದು ಪುಟವನ್ನಾದರೂ ಬಿಟ್ಟುಕೊಡಬೇಕು.