ಹಾಲಾಹಲವೂ ಹೊಸ ಕಾವ್ಯವೂ

ಗದ್ವಾಲ ಸೀಮೆಯು ಕೃಷ್ಣೆ-ತುಂಗಭದ್ರೆಗಳ ನಡುವಣ ನೆಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದು ಆಲಂಪುರದೊಡನೆ ರಾಯಚೂರು ಜಿಲ್ಲೆಗೆ ಸೇರಿದ್ದಿತು. ಗಡಿ ಬದಲಾಯಿತು, ಹೊಳೆ ಬದಲಾಗಲಿಲ್ಲ. ಆದುದರಿಂದ ಕೈಗಾರಿಕೆಯ ಅನಾಹುತವನ್ನು ಆಧುನಿಕ ಕಾವ್ಯವು ಪುರಾಣದ ಮಾತಿನಲ್ಲಿ ಹೇಳಬಹುದೇ ಎಂಬ ಪ್ರಶ್ನೆಯು ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಶಿಕ್ಷಕರಾದ ನಮಗೆ ದೂರದ್ದಲ್ಲ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸೈನೇಟ್ ಎಂಬ ವಿಷಾನಿಲ ಸೋರಿ, ಸುತ್ತಲ ಬಡಬಸ್ತಿಗಳಲ್ಲಿ ಮಲಗಿದ್ದ ಸಾವಿರಾರು ಜನ ಮಡಿದರು. ಇಲ್ಲಿ ಕವಿಗೆ ಸಮುದ್ರಮಥನದ ಹಾಲಾಹಲವು ನೆನಪಾಗುವುದು ಸಹಜ. ಆದರೆ ಹೋಲಿಕೆಯು ಅರ್ಧದಲ್ಲೇ ಮುರಿಯುತ್ತದೆ. ಶಿವನು ತಿಳಿದೇ ಲೋಕಕ್ಕಾಗಿ ವಿಷ ಕುಡಿದನು. ಭೋಪಾಲದವರನ್ನು ಯಾರೂ ಕೇಳಲಿಲ್ಲ. ಅವರನ್ನು ನೀಲಕಂಠರೆಂದು ಹಾಡಿದರೆ ಸಾವಿಗೆ ಗೌರವ ಬಂದೀತು, ಕಡೆದವರ ಹೊಣೆ ಮರೆಯಾದೀತು. ವಿಷವನ್ನು ತಂಪಾಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಲಾಗಿದ್ದಿತೆಂಬ ಸಂಗತಿಯು ಪುರಾಣದಲ್ಲಿಲ್ಲ, ಕಾವ್ಯದಲ್ಲಿರಬೇಕು.

ಇದಕ್ಕೆ ಕನ್ನಡದಲ್ಲಿ ದಾರಿ ಇಲ್ಲದಿಲ್ಲ. ಬೇಂದ್ರೆಯವರು ‘ಕುರುಡು ಕಾಂಚಾಣ’ದಲ್ಲಿ ಹಣವನ್ನೇ ಬಿದ್ದವರ ಮೇಲೆ ಕುಣಿಯುವ ಕುರುಡು ದೈವವಾಗಿ ಕಂಡರು. ಅಡಿಗರು 1959ರ ‘ಭೂಮಿಗೀತ’ದಲ್ಲಿ ಭೂಮಿಯನ್ನು ತಾಯಿಯೆಂದು ಸುಮ್ಮನೆ ಪೂಜಿಸುವ ರೂಢಿಯನ್ನು ಪ್ರಶ್ನಿಸಿದರು.

ನಮ್ಮದೇ ತುಂಗಭದ್ರೆಯ ಮೇಲ್ದಂಡೆಯ ಹರಿಹರದಲ್ಲಿ ಇನ್ನೊಂದು ಕಥೆಯಿದೆ. ಹರಿಯಿಂದಲೂ ಹರನಿಂದಲೂ ಸಾಯದಂತೆ ವರ ಪಡೆದಿದ್ದ ಗುಹಾಸುರನನ್ನು ಇಬ್ಬರೂ ಒಂದೇ ದೇಹವಾಗಿ ಕೊಂದರು. ಅದರ ಎದುರು ದಡದ ಕುಮಾರಪಟ್ಟಣದ ನಾರಿನ ಕಾರ್ಖಾನೆಯು ಹೊಳೆಗೆ ಬಿಡುತ್ತಿದ್ದ ಕೊಳಕಿನ ವಿರುದ್ಧ 1980ರ ದಶಕದಲ್ಲಿ ಜನರು ಚಳವಳಿ ಹೂಡಿದರು. ಅಂಥ ಕಾರ್ಖಾನೆಯ ನೀಲಗಿರಿಗಾಗಿ ಊರೊಟ್ಟಿನ ಭೂಮಿ ಹೋದಾಗ, 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಶಿವರಾಮ ಕಾರಂತರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಈ ಕಾಲದ ಅಸುರನ ವರವೆಂದರೆ ಪರವಾನಗಿ. ಅದನ್ನು ಕೊಟ್ಟವರಾರೆಂದು ಕೇಳುವುದು ರಾಜಕೀಯ. ಹೊಳೆ, ಗೋಮಾಳ, ಮೀನುಗಳ ಲೆಕ್ಕವಿಡುವುದು ಪರಿಸರಜ್ಞಾನ. ಬೇರೆಬೇರೆಯಾದವರು ಒಂದಾಗುವ ಚಿತ್ರ ಕೊಡುವುದು ಪುರಾಣ. ಮೂರೂ ಕೂಡಿದಲ್ಲಿ ಕವಿತೆ ಸತ್ಯವಾಗುತ್ತದೆ.

ಅದೇ ಹೊಳೆ ಕೆಳಗೆ ಬಂದು ಕೃಷ್ಣೆಯನ್ನು ಸೇರುತ್ತದೆ. ಕಾರ್ಖಾನೆಯಂತೆ ಅಣೆಕಟ್ಟಿಗೂ ಬೆಲೆ ತೆತ್ತವರಿದ್ದಾರೆ. ಶ್ರೀಶೈಲದ ಹಿನ್ನೀರಿನ ಕಾರಣ ಕೂಡಲಿ ಸಂಗಮೇಶ್ವರನ ಗುಡಿಯನ್ನು ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಲಾಯಿತು. ಕಲ್ಲು ಉಳಿಯಿತು. ಮುಳುಗಿದ ಊರವರ ಹಾಡುಗಳು ಎಷ್ಟು ಉಳಿದಿವೆ? ಅವನ್ನು ಕೇಳಿ ಬರೆದಿಡುವ ಕೆಲಸ ನಮ್ಮದು.